ಎರಡರಿಂದ ಮೂರರವರೆಗೆ

ಗಾಡಿ ಹಳಿಯಾಳ ದಾಟುವಷ್ಟರಲ್ಲಿ ತನಗೆ ಜ್ವರ ಬಂದಿದೆಯೆಂದು ಇನಾಸನಿಗೆ ಖಾತ್ರಿಯಾಯಿತು. ಅಂಗೈಯನ್ನು ಹಣೆಗೆ ಒತ್ತಿ ನೋಡಿಕೊಂಡ. ಹಣೆ ಮಜ್ಜಿಗೆ ಗಡಿಗೆಯ ಹಾಗೆ ತಣ್ಣಗಿತ್ತು. ಕೊರಳ ಹತ್ತಿರ ಮುಟ್ಟಿದ, ಅಲ್ಲೂ ತಣ್ಣಗೆ. ಬೇಡವಾದ ದಿನ ಮೊಣಕಾಲು ನೋವು, ಎದೆಯುರಿ, ಹಲ್ಲುನೋವು ಎಲ್ಲವನ್ನೂ ಒಟ್ಟಿಗೆ ತಂದು ಸುರಿಯುವ ಅರವತ್ತೊಂದು ವರ್ಷದ ದೇಹ ಇವತ್ತು ಮದುವೆಗೆ ಹೊರಟವರ ಹಾಗೆ ಹುರುಪಾಗಿ ಕೂತಿತ್ತು. ಪಕ್ಕದಲ್ಲಿ ಕಾಸಿಂಸಾಬ ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ಇನ್ನೊಂದನ್ನು ಕಿಟಕಿಯ ಹೊರಗೆ ಬಿಟ್ಟು, ಕಬ್ಬು ಹೇರಿದ ಟ್ರ್ಯಾಕ್ಟರುಗಳಿಗೆ ಒಂದೊಂದಾಗಿ ಸಲಾಮು ಹೊಡೆಯುತ್ತ ಗಾಡಿ ಓಡಿಸುತ್ತಿದ್ದ. ದಾಂಡೇಲಿಯಲ್ಲಿ ಅವನ ಗ್ಯಾರೇಜಿಗೂ ಇನಾಸನ ಮೋಟರು ರಿವೈಂಡಿಂಗ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಮೂವತ್ತು ವರ್ಷದಿಂದ ಇಬ್ಬರೂ ಒಂದೇ ಕಿಟಲಿಯ ಚಹಾ ಕುಡಿದವರು. ಹಾಗಾಗಿ ಜ್ವರದ ಸುಳ್ಳು ಹೇಳಿ ಗಾಡಿ ತಿರುಗಿಸುವ ಹಾಗಿರಲಿಲ್ಲ. ಕಾಸಿಂಸಾಬ ಕೈಚಾಚಿ ಹಣೆ ಮುಟ್ಟಿ ನೋಡಿಯೇ ನೋಡುತ್ತಿದ್ದ.

ಹೊರಟಿದ್ದು ಮುಂಡಗೋಡ ದಾಟಿ ಮಳಗಿಯ ಹತ್ತಿರದ ತಾಂಡಾಕ್ಕೆ, ಗೋಮಿಬಾಯಿಯ ಮನೆಗೆ. ಗೋಮಿಬಾಯಿ ಹನ್ನೆರಡು ವರ್ಷ ದಾಂಡೇಲಿಯ ಇಗರ್ಜಿಯ ಶಾಲೆಯಲ್ಲಿ ಅಡಿಗೆ ಮಾಡಿದವಳು. ಗಂಡ ಕಾಶಿರಾಮ ಊರಲ್ಲಿ ಹೊಲ ನೋಡಿಕೊಂಡಿದ್ದರೆ ಇವಳು ಮಗ ಸುದೀಪನನ್ನು ಕಟ್ಟಿಕೊಂಡು ಶಾಲೆಯ ಹಿಂದಿನ ಕೋಣೆಯಲ್ಲಿ ಇದ್ದಳು. ಸುದೀಪ ಆ ಶಾಲೆಯಲ್ಲೇ ಓದಿ, ಇಗರ್ಜಿಯ ಅಂಗಳದಲ್ಲೇ ಕಬಡ್ಡಿ ಆಡಿ, ಅಲ್ಲಿಂದಲೇ ಮಿಲಿಟರಿಗೆ ಹೋದ. ಈಗ ಹದಿನೈದು ದಿನದ ಹಿಂದೆ ರಜೆಯ ಮೇಲೆ ಬಂದಿದ್ದಾನೆ. ಮೊನ್ನೆ ಗೋಮಿಬಾಯಿ ಫೋನು ಮಾಡಿ, ಅವನು ಯಾರ ಜೊತೆಗೂ ಮಾತಾಡುವುದಿಲ್ಲ, ತಾಟಿನ ಮುಂದೆ ಕೂತು ಎದ್ದು ಹೋಗುತ್ತಾನೆ, ಇಡೀ ದಿನ ಹಿತ್ತಲಲ್ಲಿ ಗೋಡೆಗೆ ಒರಗಿರುತ್ತಾನೆ ಎಂದು ಹೇಳಿದ್ದಳು. ದೊಡ್ಡ ಡಾಕ್ಟರ ಹತ್ತಿರ ತೋರಿಸಿ ಎಂದು ಇನಾಸ ಅಂದಾಗ, ಅದಕ್ಕೂ ಹೋಗುತ್ತೇವೆ, ಅದಕ್ಕೆ ಮೊದಲು ನೀವು ಬನ್ನಿ ಅಂದಳು. “ನಿಮ್ಮ ಪ್ರಾರ್ಥನಾನ ಅವನ್ನ ಉಳಿಸೇತಿ ಇನಾಸಣ್ಣ. ನಿಮ್ಮ ಕೈ ಒಮ್ಮೆ ಅವನ ತಲೀ ಮ್ಯಾಲೆ ಇಟ್ಟು ಹೋಗ್ರಿ. ಆಮ್ಯಾಲೆ ಎಲ್ಲಾ ಸರಿ ಆಗ್ತೈತಿ.”

ಇನಾಸ ತನ್ನ ಕೈಯನ್ನು ತೊಡೆಯ ಮೇಲಿಟ್ಟು ನೋಡಿದ. ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳ ಸಂದಿಯಲ್ಲಿ ಗೆರೆ ಬಿದ್ದ ಕೈ. ವಾರ್ನಿಷಿನ ಕಪ್ಪು ಉಗುರಿನಲ್ಲಿ ಇನ್ನೂ ಉಳಿದಿತ್ತು. ಬೆಳಿಗ್ಗೆ ಹೆಂಡತಿ ಸೆವ್ರಿನಾ ಸೀಮೆಎಣ್ಣೆ ಹಚ್ಚಿ ತಿಕ್ಕಿದ್ದರೂ ಹೋಗಿರಲಿಲ್ಲ. ಈ ಕೈಯಿಂದ ಗಣೇಶಗುಡಿಯ ಹೋಮ್‌ಸ್ಟೇಗಳ ಎಷ್ಟೋ ಪಂಪು ಮತ್ತೆ ತಿರುಗಿವೆ, ಅದು ನಿಜ. ಮನುಷ್ಯರನ್ನು ಉಳಿಸಿದ್ದು ಮಾತ್ರ ಇಲ್ಲ.

ಗೋಮಿಬಾಯಿ ಹೇಳುವ ಆ ಪ್ರಾರ್ಥನೆ ನಡೆದದ್ದು ಒಂಬತ್ತು ತಿಂಗಳ ಹಿಂದೆ, ಫೆಬ್ರವರಿಯ ಕೊನೆಯ ವಾರ; ಈಸ್ಟರಿಗೆ ಮೊದಲಿನ ತಪಸ್ಸುಕಾಲ ಶುರುವಾಗಿತ್ತು. ಆಫ್ರಿಕಾದ ಒಂದು ದೇಶದಲ್ಲಿ ಎರಡು ಬಣಗಳ ಜಗಳ ನಿಲ್ಲಿಸಲು ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಹೋದ ನಮ್ಮ ಸೈನಿಕರಲ್ಲಿ ಸುದೀಪನೂ ಇದ್ದ. ಅವನಿದ್ದ ಸಣ್ಣ ಠಾಣೆಯನ್ನು ಎರಡು ಸಾವಿರ ಜನ ಸುತ್ತುಗಟ್ಟಿದ್ದಾರೆ, ಒಳಗಿರುವುದು ನಲವತ್ತೇ ಸೈನಿಕರು, ಫೋನು ಹೋಗಿಬಿಟ್ಟಿದೆ ಎಂದು ಟೀವಿಯಲ್ಲಿ ಬಂತು. ಗೋಮಿಬಾಯಿ ಊರಿಂದ ಬಸ್ಸು ಹತ್ತಿ ನೇರ ಇಗರ್ಜಿಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸಂಜೆ ಸಿಸ್ಟರ್ ಪೂರ್ಣಿಮಾ ಎಲ್ಲರನ್ನೂ ಸೇರಿಸಿ, ಶುಕ್ರವಾರ ಮತ್ತು ಶನಿವಾರ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಗಂಟೆಗೊಬ್ಬರಂತೆ ದೇವರ ಮುಂದೆ ಮೊಣಕಾಲೂರಿ ಇರಬೇಕು, ಸರಪಳಿ ತುಂಡಾಗಬಾರದು ಎಂದರು. ಹಾಳೆ ಹಿಡಿದು ಒಂದೊಂದೇ ಹೊತ್ತನ್ನು ಓದಿದರು. ಬೆಳಗಿನ ಹೊತ್ತುಗಳು ಹರಾಜಿನಲ್ಲಿ ಹೋದ ಹಾಗೆ ಹೋದವು. ಶುಕ್ರವಾರ ಎರಡರಿಂದ ಮೂರು ಅಂದಾಗ ಮಾತ್ರ ಎಲ್ಲರೂ ನೆಲ ನೋಡಿದರು. ಉಂಡು ಒರಗುವ ಹೊತ್ತು ಅದು. ಆಗ ಇನಾಸ ಕೈ ಎತ್ತಿದ. ಭಕ್ತಿಯಿಂದ ಎತ್ತಿದ್ದೆ ಎಂದು ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ ಕೈಗೆ ನಿಜ ಗೊತ್ತಿತ್ತು. ಹಿಂದಿನ ಕ್ರಿಸ್‌ಮಸ್ಸಿನಂದು, ಅವನೇ ರಿವೈಂಡ್ ಮಾಡಿದ ಇಗರ್ಜಿಯ ಫ್ಯಾನು ಪೂಜೆಯ ನಡುವೆ ಹೊಗೆಯಾಡಿ, ಹೆಂಗಸರು ಮಕ್ಕಳನ್ನೆತ್ತಿಕೊಂಡು ಹೊರಗೆ ಓಡಿ, ಮರುವಾರವೇ ಹುಬ್ಬಳ್ಳಿಯಿಂದ ಹೊಸ ಫ್ಯಾನು ತಂದಿದ್ದರು. ಅವತ್ತಿನಿಂದ ಯಾರಾದರೂ ಮೇಲಕ್ಕೆ ನೋಡಿದರೆ ಇವನು ಕೆಳಗೆ ನೋಡುತ್ತಿದ್ದ. ಆ ಸಂಜೆ ಕೈ ಎತ್ತಿದಾಗ ಎಲ್ಲರೂ ತಿರುಗಿ ಇವನನ್ನು ನೋಡಿದರು, ಹೊಗೆಯ ನೆನಪಿಲ್ಲದ ಕಣ್ಣಿನಿಂದ.

ಆ ಶುಕ್ರವಾರವೇ ಕಾಸಿಂಸಾಬನ ಮೊಮ್ಮಗಳಿಗೆ ಹೆಸರಿಡುವ ಊಟ. ಗಂಡಸರೆಲ್ಲ ಜುಮ್ಮಾ ನಮಾಜಿಗೆ ಹೋಗಿದ್ದಾಗಲೇ ಕಾಸಿಂಸಾಬನ ಹೆಂಡತಿ ರಜಿಯಾ, ಭಾಯಿಗೆ ಎರಡಕ್ಕೆ ಡ್ಯೂಟಿ ಇದೆಯಂತೆ ಎಂದು ಇವನಿಗೆ ಮೊದಲ ತಾಟು ಹಾಕಿದಳು. ತಪಸ್ಸುಕಾಲದ ಶುಕ್ರವಾರ ಮಾಂಸ ಮುಟ್ಟಬಾರದು. ಬಿರಿಯಾನಿಯ ಅನ್ನ ಮಾತ್ರ ತಿನ್ನುತ್ತೇನೆ ಎಂದು ಇನಾಸ ಕೂತ. ಅನ್ನದ ಕೆಳಗೆ ತುಂಡು ಇತ್ತು. ಅದನ್ನು ಬದಿಗಿಟ್ಟರೆ ರಜಿಯಾ ಏನು ತಿಳಿದುಕೊಂಡಾಳು ಎಂದು ತಿಂದ. ಎರಡನೇ ತಾಟಿಗೆ ಯಾವ ಕಾರಣವೂ ಇರಲಿಲ್ಲ. ಎರಡಕ್ಕೆ ಐದು ನಿಮಿಷ ಇರುವಾಗ ಇಗರ್ಜಿಗೆ ಬಂದು ಮೊಣಕಾಲೂರಿದ. ಒಳಗೆ ತಂಪಾಗಿತ್ತು. ಸುದೀಪನ ಮುಖ ನೆನಪಿಸಿಕೊಂಡ. ಕಬಡ್ಡಿಯಲ್ಲಿ ಹಲ್ಲು ಮುರಿದುಕೊಂಡು ಅಂಗಡಿಗೆ ಬಂದು ನೀರು ಕೇಳಿದ ಮುಖ. ದೇವರೇ, ಅಂದ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಮೊಣಕಾಲು ನೊಂದವು, ಐದು ನಿಮಿಷ ಬೆಂಚಿನ ಮೇಲೆ ಕೂತೇ ಹೇಳೋಣ ಅನಿಸಿತು. ಕೂತಾಗ ಹುಬ್ಬಳ್ಳಿಯ ಫ್ಯಾನಿನ ಗಾಳಿ ನೆತ್ತಿಗೆ ಬಿತ್ತು. ಒಳ್ಳೆಯ ಫ್ಯಾನು, ಸದ್ದೇ ಇಲ್ಲ, ಬೇರಿಂಗು ಯಾವ ಕಂಪನಿಯದೋ ಎಂದು ಯೋಚಿಸಿದ್ದು ಕೊನೆಯ ನೆನಪು. ಎಚ್ಚರವಾದದ್ದು ಸಿಸ್ಟರ್ ಪೂರ್ಣಿಮಾ ಅವರ ಚಪ್ಪಲಿಯ ಸದ್ದಿಗೆ. ಮೂರು ಬಡಿಯುತ್ತಿತ್ತು. ಬೆಂಚಿನಿಂದ ಜಾರಿ ಮೊಣಕಾಲ ಮೇಲೆ ಬಿದ್ದ. ಹತ್ತಿರ ಬಂದ ಸಿಸ್ಟರ್ ಅವನ ಮುಖ ನೋಡಿದರು. ಕಣ್ಣು ಕೆಂಡದ ಹಾಗೆ ಕೆಂಪಾಗಿದ್ದವು, ನೀರೂ ತುಂಬಿತ್ತು. ಸಿಸ್ಟರ್ ಅದನ್ನು ಅಳು ಎಂದುಕೊಂಡು ಅವನ ಭುಜ ಮುಟ್ಟಿ, ಪಕ್ಕದಲ್ಲಿ ಕೂತು ತಮ್ಮ ಹೊತ್ತಿನ ಪ್ರಾರ್ಥನೆ ಶುರು ಮಾಡಿದರು.

ಮೂರು ದಿನ ಬಿಟ್ಟು ಸುದೀಪನ ಫೋನು ಬಂತು. ಬದುಕಿದ್ದಾನೆ. ಶುಕ್ರವಾರ ಬೆಳಿಗ್ಗೆ ಅಲ್ಲಿಯ ಹತ್ತೂವರೆಗೆ ಜನ ತಾವಾಗಿಯೇ ಹಿಂದೆ ಸರಿದರಂತೆ. ಗಣಿತ ಕಲಿಸುವ ಸಿಸ್ಟರ್ ಪೂರ್ಣಿಮಾ ಹತ್ತೂವರೆಗೆ ಎರಡು ದೇಶಗಳ ಗಡಿಯಾರದ ಅಂತರ ಮೂರೂವರೆ ಗಂಟೆ ಕೂಡಿಸಿದರು. ಇಲ್ಲಿ ಮಧ್ಯಾಹ್ನ ಎರಡು ಗಂಟೆ. ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಅದನ್ನು ಎಲ್ಲರೆದುರು ಹೇಳಿ, ಆ ಹೊತ್ತಿನಲ್ಲಿ ಒಬ್ಬ ಮನುಷ್ಯ ಇಲ್ಲಿ ಕಣ್ಣೀರು ಸುರಿಸುತ್ತಿದ್ದ ಎಂದರು. ಚಪ್ಪಾಳೆ ಬಿತ್ತು. ಇನಾಸನಿಗೆ ಶಾಲು ಹೊದಿಸಿದರು. ಎದ್ದು ನಿಂತು ನಿಜ ಹೇಳಬೇಕೆಂದು ಬಾಯಿ ತೆರೆದ, ಶಾಲಿನಲ್ಲಿ ಮುಖ ಮುಚ್ಚಿಕೊಂಡ, ಜನ ಅದನ್ನೂ ಅಳು ಎಂದುಕೊಂಡರು. ಆಮೇಲೆ ಅಂಗಡಿಗೆ ಕೆಟ್ಟ ಮೋಟರಿನ ಜೊತೆ ಕಷ್ಟಗಳೂ ಬರತೊಡಗಿದವು. ಒಬ್ಬನಿಗೆ ಪರೀಕ್ಷೆ, ಒಬ್ಬಳಿಗೆ ಗಂಡನ ಕುಡಿತ. ಜೋಯ್ಡಾದಿಂದ ಗೋದುಬಾಯಿ ಎಂಬವಳು ಕಳೆದ ಎಮ್ಮೆಗಾಗಿ ಬಂದಳು. ಇನಾಸ ನೋಡೋಣ ಎಂದಷ್ಟೇ ಅಂದಿದ್ದ, ಮರುದಿನ ಎಮ್ಮೆ ತಾನೇ ಮನೆಗೆ ಬಂದು ನಿಂತಿತು. ಎಮ್ಮೆಯ ಸುದ್ದಿ ಸುದೀಪನ ಸುದ್ದಿಗಿಂತ ದೂರ ಹೋಯಿತು. ಇದೆಲ್ಲದರ ನಡುವೆ ಅವನಿಂದ ಒಂದು ಕೆಲಸ ಮಾತ್ರ ಆಗಲೇ ಇಲ್ಲ, ಅದು ಪ್ರಾರ್ಥನೆ. ಒಂಬತ್ತು ತಿಂಗಳಿಂದ ಊಟದ ಮೊದಲ ಶಿಲುಬೆಯ ಗುರುತೂ ಕೈ ಎತ್ತಿ ಇಳಿಸಿದಂತೆ, ಅಷ್ಟೇ. ಬಾಯಿ ಹೇಳುತ್ತಿತ್ತು, ಒಳಗೆ ಕರೆಂಟು ಇರಲಿಲ್ಲ.

ಪಾಪನಿವೇದನೆಯಲ್ಲಿ ಹೇಳಿಯೂ ನೋಡಿದ್ದ. ಹೊಸ ಫಾದರ್ ಜಾಲರಿಯ ಆಚೆ ಮೆಲ್ಲಗೆ ನಕ್ಕು, ಎಚ್ಚರವಾಗಿದ್ದು ಪ್ರಾರ್ಥಿಸಿ ಎಂದರೂ ತೋಟದಲ್ಲಿ ಯೇಸುವಿನ ಶಿಷ್ಯರೂ ನಿದ್ದೆ ಹೋಗಿದ್ದರಲ್ಲ ಎಂದು ಸಮಾಧಾನ ಮಾಡಿ, ಬಿರಿಯಾನಿಗೆ ಬೇರೆಯಾಗಿ ಒಂದು ಜಪಮಾಲೆಯ ಪ್ರಾಯಶ್ಚಿತ್ತ ಹಾಕಿದರು. ಆ ಶಿಷ್ಯರಿಗೆ ಯಾರೂ ಶಾಲು ಹೊದಿಸಿರಲಿಲ್ಲ ಫಾದರ್, ಎಂಬ ಮಾತು ಇನಾಸನಿಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಸೆವ್ರಿನಾಗೆ ಹೇಳುವ ಅಗತ್ಯವೇ ಇರಲಿಲ್ಲ. ಆ ಶುಕ್ರವಾರ ಅವನು ಮನೆಗೆ ಬಂದಾಗ ಕೆನ್ನೆಯ ಮೇಲೆ ಬೆಂಚಿನ ಹಲಗೆಯ ಅಚ್ಚು ಗೆರೆಗೆರೆಯಾಗಿ ಬಿದ್ದಿತ್ತು. ಅವಳು ನೋಡಿದ್ದಳು, ಒಂಬತ್ತು ತಿಂಗಳು ಸುಮ್ಮನಿದ್ದಳು. ಇವತ್ತು ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತ, ಶಾಲೆಯಲ್ಲಿ ಸುಳ್ಳು ಹೇಳಿ ಬಂದ ಮಗುವಿಗೆ ಹೇಳುವ ದನಿಯಲ್ಲಿ, ಹೋಗಿ ಹೇಳಿ ಬಾ ಅಂದಿದ್ದಳು. ಏನನ್ನು ಎಂದು ಅವನು ಕೇಳಲಿಲ್ಲ.

ಮುಂಡಗೋಡದಲ್ಲಿ ಚಹಾಕ್ಕೆ ನಿಂತರು. ಕೆಂಪು ನಿಲುವಂಗಿಯ ಇಬ್ಬರು ಟಿಬೆಟ್ ಸನ್ಯಾಸಿಗಳು ಸ್ಕೂಟರ್ ನಿಲ್ಲಿಸಿ ಮಿರ್ಚಿ ಭಜಿ ಕಟ್ಟಿಸಿಕೊಳ್ಳುತ್ತಿದ್ದರು. ಒಬ್ಬನ ಕೈಯಲ್ಲಿ ಜಪದ ಸರ, ಬೆರಳು ತನ್ನಷ್ಟಕ್ಕೆ ಮಣಿ ಎಣಿಸುತ್ತಿತ್ತು. ಕಣ್ಣು ಬಾಣಲೆಯ ಮೇಲೆ. ಅವನನ್ನು ನೋಡಿ ಇನಾಸನಿಗೆ ಯಾಕೋ ಹೊಟ್ಟೆಕಿಚ್ಚಾಯಿತು. ಎಷ್ಟು ಹಗುರಾಗಿದ್ದಾನೆ. ದೇವರೂ ಭಜಿಯೂ ಅವನಲ್ಲಿ ಒಂದೇ ಚೀಲದಲ್ಲಿ ಹಿಡಿಸಿವೆ. ಕಾಸಿಂಸಾಬ ಚಹಾ ಊದುತ್ತ, ಇವತ್ತು ಸುದೀಪನಿಗೆ ಎಷ್ಟು ಹೊತ್ತು ಪ್ರಾರ್ಥನೆ ಮಾಡುತ್ತೀ ಎಂದು ವಿಚಾರಿಸಿದ. ಗೊತ್ತಿಲ್ಲ ಎಂದ ಇನಾಸ. ಆ ದಿನದ ಪುಣ್ಯದಲ್ಲಿ ತನ್ನ ಮನೆಯ ಬಿರಿಯಾನಿಗೂ ಪಾಲಿದೆ, ಮರೆಯಬೇಡ ಎಂದು ಕಾಸಿಂಸಾಬ ಎಂದಿನಂತೆ ಚುಚ್ಚಿದ. ಒಂಬತ್ತು ತಿಂಗಳಿಂದ ಹೇಳುತ್ತಿದ್ದ ಚೇಷ್ಟೆ ಅದು. ಪ್ರತಿ ಸಲವೂ ಇನಾಸನಿಗೆ ತುಂಡು ಗಂಟಲಲ್ಲಿ ಸಿಕ್ಕಿದ ಹಾಗಾಗುತ್ತಿತ್ತು.

ತಾಂಡಾ ಮುಟ್ಟಿದಾಗ ಹನ್ನೊಂದೂವರೆ. ಗೋಮಿಬಾಯಿಯ ಹೊಸ ಮನೆಯ ಮುಂದೆ ಶಾಮಿಯಾನ ಹಾಕಿದ್ದನ್ನು ನೋಡಿ ಇನಾಸನ ಕಾಲು ಗಾಡಿಯಿಂದ ಇಳಿಯಲು ಒಪ್ಪಲಿಲ್ಲ. ನಲವತ್ತು ಐವತ್ತು ಜನ ಕೂತಿದ್ದರು. ಎಲ್ಲರ ನಡುವೆ ಒಂದು ಕುರ್ಚಿ, ಅದರ ಮೇಲೆ ಬಿಳಿ ಟವೆಲು. ಎಮ್ಮೆಯ ಮನುಷ್ಯ ಇವನೇ ಏನು ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಕಾಶಿರಾಮ ಮಾತಿಲ್ಲದವನು; ಬಂದು ಇವನ ಎರಡೂ ಕೈ ಹಿಡಿದು ಕುರ್ಚಿಯವರೆಗೆ ನಡೆಸಿ, ಶಾಲು ಹೊದಿಸಿ, ಕಾಲು ಮುಟ್ಟಲು ಬಗ್ಗಿದ. ಇನಾಸ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ ರಭಸಕ್ಕೆ ಕುರ್ಚಿ ಹಿಂದಕ್ಕೆ ವಾಲಿತು, ಇಬ್ಬರು ಹಿಡಿದುಕೊಂಡರು. ಗೋಮಿಬಾಯಿ ಒಳಗಿನಿಂದ ಮಗನನ್ನು ಕರೆತಂದಳು. ಸುದೀಪ ಬಡವಾಗಿದ್ದ. ಗಡ್ಡ ನೀಟಾಗಿ ಬೋಳಿಸಿದ್ದ, ಅಂಗಿ ಇಸ್ತ್ರಿಯದು, ಕಣ್ಣು ಮಾತ್ರ ಬೇರೆ ಯಾರದೋ. ತಾಯಿ ಹೇಳಿದಂತೆ ನೆಲಕ್ಕೆ ಕೂತು ತಲೆ ಬಾಗಿಸಿದ. ಇನಾಸ ಕೈ ಇಟ್ಟ. ಕೂದಲು ಗಿಡ್ಡ, ಚುಚ್ಚುತ್ತಿತ್ತು. ಕೆಳಗೆ ನೆತ್ತಿ ಬೆಚ್ಚಗಿತ್ತು. ದೇವರೇ, ಅಂದ. ಮುಂದಿನದು ಬರಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠ ಬಂದ ಜಪಗಳೆಲ್ಲ ಒಟ್ಟಿಗೆ ಬಾಗಿಲಿಗೆ ಬಂದು, ಯಾವುದೂ ಮೊದಲು ದಾಟಲಾರದೆ ನಿಂತವು. ಒಂದು ಕೋಳಿ ಶಾಮಿಯಾನದ ಕೆಳಗೆ ಬಂದು ಹೋಯಿತು. ಹಿಂದೆ ಯಾರೋ ಕೆಮ್ಮಿದರು. ಕೈ ಬೆವತು ಸುದೀಪನ ಹಣೆಗೆ ಒಂದು ಹನಿ ಇಳಿಯಿತು. ಎಷ್ಟು ಹೊತ್ತಾಯಿತೋ, ಕೊನೆಗೆ ಕಾಸಿಂಸಾಬ ಗಂಟಲು ಸರಿಮಾಡಿಕೊಂಡು ದೊಡ್ಡ ದನಿಯಲ್ಲಿ “ಆಮೀನ್” ಅಂದುಬಿಟ್ಟ. ಜನರೂ ಅಂದರು. ಸುದೀಪ ತಲೆ ಎತ್ತಿದ. ಆ ನೋಟದಲ್ಲಿ ಇದ್ದದ್ದು ಭಕ್ತಿಯಲ್ಲ, ಸಿಟ್ಟು. ಇನಾಸನಿಗೆ ಅದನ್ನು ಗುರುತಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. ಸರಿಯಾಗಿದೆ ಎಂದು ಕೊಟ್ಟ ಮೋಟರು ಮತ್ತೆ ಸುಟ್ಟಾಗ ಗಿರಾಕಿಯ ಕಣ್ಣಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದ.

“ಕಾಕಾ, ನೀರಿನ ಕಡೆ ಹೋಗಿ ಬರೂಣು,” ಅಂದ ಸುದೀಪ. ಹದಿನೈದು ದಿನದಲ್ಲಿ ಮಗ ಆಡಿದ ಅತಿ ಉದ್ದದ ಮಾತು ಅದೇ ಎಂದು ಗೋಮಿಬಾಯಿ ಆಮೇಲೆ ಹೇಳಿದಳು. ಆ ಗಳಿಗೆಗೆ ಅವಳು ಕಾಸಿಂಸಾಬನ ಕಡೆ ತಿರುಗಿ, ನೋಡಿದಿರಾ, ಕೈ ಇಟ್ಟ ಕೂಡಲೇ, ಎಂದು ಕಣ್ಣೊರೆಸಿಕೊಂಡಳು. ಇನಾಸನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಭತ್ತ ಕೊಯ್ದ ಗದ್ದೆಗಳ ಬದುವಿನ ಮೇಲೆ ಹತ್ತು ನಿಮಿಷ ನಡೆದರೆ ಜಲಾಶಯದ ಹಿನ್ನೀರು. ಬಿಸಿಲು ಹಿತವಾಗಿತ್ತು. ಅತ್ತಿವೇರಿಯ ಪಕ್ಷಿಧಾಮದಿಂದ ದಾರಿ ತಪ್ಪಿ ಬಂದಂತಿದ್ದ ನಾಲ್ಕು ಬೆಳ್ಳಕ್ಕಿಗಳು ಎಮ್ಮೆಗಳ ಹಿಂದೆ ಕಾಲೆತ್ತಿ ಇಡುತ್ತಿದ್ದವು. ಸುದೀಪ ಮುಂದೆ, ಇನಾಸ ಹಿಂದೆ. ಹೊದಿಸಿದ ಶಾಲು ಹೆಗಲಿಂದ ಜಾರುತ್ತಿತ್ತು. ತೆಗೆದರೆ ಅವಮರ್ಯಾದೆ, ಇಟ್ಟುಕೊಂಡರೆ ಸೆಕೆ. ಹೇಳಿಬಿಡಬೇಕು. ಮೊದಲ ಮಾತು ಹೇಗೆ ಶುರುಮಾಡಲಿ? ಸುದೀಪ, ಒಂದು ತಮಾಷೆ ಆಯಿತು ನೋಡು. ಛೆ. ಸುದೀಪ, ದೇವರ ಕೃಪೆ ದೊಡ್ಡದು, ಮನುಷ್ಯ ಮಾತ್ರ… ಅದೂ ಛೆ. ಹೇಳಿದರೆ ಇವನು ಏನಾದಾನು? ಒಂದು ಆಸರೆ ಹಿಡಿದು ನಿಂತಿರುವವನ ಕೈಯಿಂದ ಅದನ್ನೂ ಕಿತ್ತುಕೊಂಡ ಹಾಗಾಗುವುದಿಲ್ಲವೇ? ಹೇಳದಿರುವುದೇ ಧರ್ಮವಿರಬಹುದು ಎಂದು ಒಂದು ಗದ್ದೆಯುದ್ದಕ್ಕೂ ಅನಿಸಿತು. ಮುಂದಿನ ಗದ್ದೆಯಲ್ಲಿ, ಈ ಧರ್ಮ ತನಗೆ ಎಷ್ಟು ಅನುಕೂಲವಾಗಿದೆ ಎಂದು ನಾಚಿಕೆಯಾಯಿತು.

ನೀರಿನ ಅಂಚಿಗೆ ಬಂದು ಒಂದು ಕಲ್ಲಿನ ಮೇಲೆ ಕೂತ ಸುದೀಪನೇ ಮೊದಲು ಕೇಳಿದ. “ಆ ದಿವಸ ಏನಂತ ಬೇಡಿಕೊಂಡ್ರಿ ಕಾಕಾ? ನನ್ನ ಹೆಸರಷ್ಟ ಹೇಳಿದ್ರೇನು?”

ಇನಾಸ ನಿಂತೇ ಇದ್ದ. ಸುದೀಪ ನೀರು ನೋಡುತ್ತ ಹೇಳುತ್ತ ಹೋದ. ಅವರು ನಲವತ್ತು ಜನ. ಅವರನ್ನು ನಂಬಿ ಬೇಲಿಯ ಒಳಗೆ ಬಂದ ಹೆಂಗಸರು ಮಕ್ಕಳು ಮುನ್ನೂರು. ಹೊರಗೆ ಎರಡು ಸಾವಿರ, ಕೆಲವರ ಕೈಯಲ್ಲಿ ಬಂದೂಕು, ಉಳಿದವರ ಕೈಯಲ್ಲಿ ಈಟಿಯಂಥ ಭರ್ಚಿ. ಮೊದಲು ಗುಂಡು ಹಾರಿಸಬಾರದು ಎಂದು ಇವರಿಗೆ ಆರ್ಡರು. ಗೇಟಿನಲ್ಲಿ ಇವನ ಪಕ್ಕಕ್ಕೆ, ಕೈಯಳತೆಯಲ್ಲಿ, ಜಾರ್ಖಂಡದ ಮಿಂಜ್ ನಿಂತಿದ್ದ. ಅವನೂ ಇನಾಸನ ಹಾಗೆ ಇಗರ್ಜಿಯವನು. ಎರಡು ದಿನ ಎರಡು ರಾತ್ರಿ ಅವನ ಬೆರಳು ಜಪಮಾಲೆ ಬಿಟ್ಟಿರಲಿಲ್ಲ. ತನ್ನ ಊರಲ್ಲಿ ಎಲ್ಲರೂ ಇಗರ್ಜಿಯಲ್ಲಿ ಕೂತಿದ್ದಾರೆ, ಏನೂ ಆಗುವುದಿಲ್ಲ ಎಂದು ಸುದೀಪನಿಗೆ ಅವನೇ ಧೈರ್ಯ ಹೇಳುತ್ತಿದ್ದ. ಹತ್ತೂಕಾಲಿಗೆ ಒಂದು ಗುಂಡು ಅವನ ಕಾಲರಿನ ಕೆಳಗೆ ಹೊಕ್ಕಿತು. ಕಾಲು ಗಂಟೆಯ ಮೇಲೆ ಜನ ಹಿಂದೆ ಸರಿದರು. “ನಾ ಒಂದ ಸಲಾನೂ ದೇವರ ಹೆಸರು ತಗೊಂಡಿರಲಿಲ್ಲ. ಅವ ಬಿಟ್ಟಿರಲಿಲ್ಲ. ಇಲ್ಲಿ ಬಂದ್ರ ಅವ್ವ ಹೇಳ್ತಾಳ, ಇನಾಸಕಾಕಾ ಅತ್ತು ಬೇಡಿಕೊಂಡ, ಅದಕ್ಕ ನೀ ಉಳದಿ ಅಂತ. ಹಂಗಾದ್ರ ಅವನ ಅವ್ವ ಅತ್ತದ್ದು ಸಾಕಾಗಲಿಲ್ಲೇನು? ನೀವು ಒಂದ ಹೆಸರು ಕೂಡಿಸಿ ಹೇಳಿದ್ರ ಏನಾಗ್ತಿತ್ತು?”

ಇಷ್ಟು ದಿನ ಇನಾಸ ತನ್ನ ಸುಳ್ಳನ್ನು ತನ್ನ ಒಳಗೆ ಮಾತ್ರ ಕೊಳೆಯುವ ಒಂದು ವಸ್ತು ಎಂದುಕೊಂಡಿದ್ದ. ಅದು ನೂರು ಕಿಲೋಮೀಟರು, ಸಾವಿರಾರು ಕಿಲೋಮೀಟರು ಹೋಗಿ, ಈವರೆಗೆ ಹೆಸರೂ ಗೊತ್ತಿರದ ಒಬ್ಬ ಸತ್ತ ಹುಡುಗನ ಮೇಲೆ ಕಲ್ಲಾಗಿ ಬಿದ್ದಿದೆ, ಆ ಕಲ್ಲನ್ನು ಸುದೀಪ ಹೊತ್ತುಕೊಂಡು ಹಿತ್ತಲ ಗೋಡೆಗೆ ಒರಗಿದ್ದಾನೆ. ಮಾತು ಹುಡುಕುವ ಅವಸರವೇ ಹೋಯಿತು.

“ನಾ ನಿದ್ದಿ ಮಾಡಿದ್ದೆ ಸುದೀಪ,” ಅಂದ.

ಸುದೀಪ ತಿರುಗಿ ನೋಡಿದ.

“ಎರಡರಿಂದ ಮೂರರ ತನಕ. ದೇವರೇ ಅಂತ ಒಂದ ಮಾತು ಅಂದೆ. ಆಮ್ಯಾಲೆ ಬೆಂಚಿನ ಮ್ಯಾಲೆ ಮಲಗಿಬಿಟ್ಟೆ. ನಿನ್ನ ಹೆಸರೂ ಹೇಳಿಲ್ಲ, ಯಾರದೂ ಹೇಳಿಲ್ಲ. ಕಣ್ಣು ಕೆಂಪಾಗಿದ್ದು ನಿದ್ದೀಗೆ.”

ಬೆಳ್ಳಕ್ಕಿಗಳು ಹಾರಿ ಇನ್ನೊಂದು ದಂಡೆಗೆ ಹೋದವು. ಹೇಗೆ ನಿದ್ದೆ ಬಂತು ಎಂದು ಸುದೀಪ ಕೇಳಿದ. ಕಾಸಿಂಸಾಬನ ಮನೆಯಲ್ಲಿ ಉಂಡಿದ್ದೆ ಎಂದ ಇನಾಸ. ಏನು ಊಟ ಎಂದು ಕೇಳಿದ. ಬಿರಿಯಾನಿ. ಎಷ್ಟು? ಎರಡು ತಾಟು, ಅಂದ ಇನಾಸ, ನ್ಯಾಯಾಧೀಶರ ಮುಂದೆ ನಿಂತವನ ಹಾಗೆ. ಸುದೀಪನ ಬಾಯಿಯ ಒಂದು ಮೂಲೆ ನಡುಗಿತು. ಆಮೇಲೆ ಅವನು ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಲ್ಲಿನಿಂದ ಜಾರಿ ಹುಲ್ಲಿನ ಮೇಲೆ ಕೂತು ನಕ್ಕ. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೆಂದು ಇನಾಸನಿಗೆ ತಿಳಿಯಲಿಲ್ಲ. ಅವನು ಶಾಲನ್ನು ತೆಗೆದು ಹುಲ್ಲಿನ ಮೇಲೆ ಹಾಸಿ ಪಕ್ಕದಲ್ಲಿ ಕೂತ. ಬೆನ್ನ ಮೇಲೆ ಕೈ ಇಟ್ಟ. ಈ ಸಲ ಕೈ ಬೆವರಲಿಲ್ಲ.

“ಹಂಗಾದ್ರ ಯಾರೂ ಆರಿಸಲಿಲ್ಲ,” ಅಂದ ಸುದೀಪ, ಮೂಗು ಒರೆಸಿಕೊಳ್ಳುತ್ತ. “ಯಾರೂ ಅವನ್ನ ಬಿಟ್ಟು ನನ್ನ ಆರಿಸಲಿಲ್ಲ.”

ಜನ ಹಿಂದೆ ಸರಿದದ್ದು ಯಾಕೆಂದು ಅವನು ಆಗ ಹೇಳಿದ. ಹಿಂದಿನ ಬದಿಯಲ್ಲಿ ಧಾನ್ಯದ ಗೋದಾಮಿತ್ತು, ಅದರ ಬಾಗಿಲು ಮುರಿಯಿತು. ಒಬ್ಬ ಕೂಗಿದ್ದೇ ತಡ, ಗೇಟಿನಲ್ಲಿದ್ದವರೆಲ್ಲ ಭರ್ಚಿ ಬಿಸಾಕಿ ಜೋಳದ ಚೀಲಕ್ಕೆ ಓಡಿದರು. ಹೊತ್ತುಕೊಂಡು ಮನೆಗೆ ಹೋದರು. ಸಂಜೆಯಾದರೂ ಒಬ್ಬನೂ ತಿರುಗಿ ಬರಲಿಲ್ಲ. “ಅವರ ಕೊರಳಾಗೂ ಶಿಲುಬಿ ಇತ್ತು ಕಾಕಾ. ಬರೂವಾಗ ಹಾಡಿಕೋತ ಬಂದಿದ್ರು. ಮಿಂಜಗ ಆ ಹಾಡು ಗೊತ್ತಿತ್ತು. ಅವನೂ ಸಣ್ಣಗ ಗುನುಗಿದ.” ಇನಾಸ ಆ ಹಸಿದವರ ಊರನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದ. ಅಲ್ಲಿಯೂ ಒಂದು ಇಗರ್ಜಿ, ಒಂದು ಬೆಂಚು, ಆ ಶುಕ್ರವಾರ ಮೊಣಕಾಲೂರಿ ಜೋಳ ಬೇಡಿದ ಒಬ್ಬಳು ಹೆಂಗಸು ಇದ್ದಿರಬೇಕು. ಯಾರ ಮಾತು ಎಲ್ಲಿಗೆ ಮುಟ್ಟಿತೋ, ಸಿಸ್ಟರ್ ಪೂರ್ಣಿಮಾ ಅವರ ಕೂಡುವ ಲೆಕ್ಕಕ್ಕೆ ಅದು ಸಿಗುವಂಥದಲ್ಲ ಅನಿಸಿ, ಯಾಕೋ ಭಯವೂ ಸಮಾಧಾನವೂ ಒಟ್ಟಿಗೆ ಆಯಿತು.

ಹೋಗುವ ಮೊದಲು ಮಿಂಜನ ಹೆಸರಿನಲ್ಲಿ ಒಂದು ಪ್ರಾರ್ಥನೆ ಮಾಡಿ ಎಂದ ಸುದೀಪ. ತನ್ನಿಂದ ಒಂಬತ್ತು ತಿಂಗಳಿಂದ ಆಗುತ್ತಿಲ್ಲ ಎಂದು ಇನಾಸ ಇದ್ದದ್ದನ್ನೇ ಹೇಳಿದ. ಆಗ ಶಾಮಿಯಾನದಲ್ಲಿ ನೀನೇ ನೋಡಿದೆಯಲ್ಲ ಅಂದ. ಮತ್ತೆ ನಿದ್ದೆ ಬಂದರೆ ಎಂದೂ ಕೇಳಿದ.

“ಬಂದ್ರ ಎಬ್ಬಸ್ತೇನಿ,” ಅಂದ ಸುದೀಪ.

ಇಬ್ಬರೂ ಕೈಮುಗಿದು ಕೂತರು. ಇನಾಸನಿಗೆ ನಿದ್ದೆ ಬರಲಿಲ್ಲ, ಮಾತೂ ಬರಲಿಲ್ಲ. ಎದ್ದು ನಡೆಯುವಾಗ, ಗೋಮಿಬಾಯಿಗೂ ಹೇಳಬೇಕು ಎಂದ. ಸುದೀಪ ಯೋಚಿಸಿ, ಊಟ ಆದ ಮೇಲೆ ಹೇಳಿ, ಮೊದಲೇ ಹೇಳಿದರೆ ನಿಮಗೆ ಊಟ ಸಿಗುವುದಿಲ್ಲ ಅಂದ.

ಊಟಕ್ಕೆ ಕೋಳಿಸಾರು, ರೊಟ್ಟಿ, ಶೇಂಗಾ ಹಿಂಡಿ. ಸುದೀಪ ಪಂಕ್ತಿಯಲ್ಲಿ ಎಲ್ಲರ ನಡುವೆ ಕೂತು ಮೂರು ರೊಟ್ಟಿ ತಿಂದ. ನಾಲ್ಕನೆಯದಕ್ಕೆ ತಾನೇ ಕೈ ಚಾಚಿದ. ಕಾಶಿರಾಮ ಉಣ್ಣುವುದನ್ನು ಬಿಟ್ಟು ಮಗನ ಕೈಯನ್ನೇ ನೋಡುತ್ತಿದ್ದ. ಗೋಮಿಬಾಯಿ ಇನಾಸನ ತಾಟಿಗೆ ಬೇಡವೆಂದರೂ ಸುರಿಯುತ್ತಿದ್ದಳು, ಪ್ರತಿ ಸೌಟಿಗೂ ಇನಾಸ ಸುದೀಪನ ಕಡೆ ನೋಡುತ್ತಿದ್ದ. ಕೈ ತೊಳೆದ ಮೇಲೆ, ಜನ ಎಲೆ ಅಡಿಕೆಗೆ ಚದುರಿದಾಗ, ಅವಳನ್ನು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ಎಲ್ಲ ಹೇಳಿದ. ತಾಟಿನ ಲೆಕ್ಕವನ್ನೂ ಬಿಡಲಿಲ್ಲ. ಕಾಸಿಂಸಾಬನೂ ಸುದೀಪನೂ ಪಕ್ಕದಲ್ಲೇ ಇದ್ದರು. ಬಿರಿಯಾನಿಯ ಮಾತು ಬಂದಾಗ ಕಾಸಿಂಸಾಬ ತಲೆ ತಗ್ಗಿಸಿ ಗೋಡೆಯ ಬಣ್ಣ ಪರೀಕ್ಷಿಸತೊಡಗಿದ.

ಗೋಮಿಬಾಯಿ ಸೌಟು ಕೆಳಗಿಟ್ಟಳು. “ಒಂಬತ್ತು ತಿಂಗಳು ಶುಕ್ರವಾರ ನಾ ಮಧ್ಯಾಹ್ನದ ಊಟ ಬಿಟ್ಟೇನಿ,” ಅಂದಳು. “ನೀವು ಉಪಾಸ ಇದ್ದು ನನ್ನ ಮಗನ್ನ ಉಳಿಸೀರಿ ಅಂತ.”

ಇನಾಸನಿಗೆ ಇದಕ್ಕಿಂತ ಅವಳು ಸೌಟಿನಿಂದ ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಹೊಡೆಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಕೆಂಪಾದ ಮುಖದಿಂದ ಅವನನ್ನು ನೋಡುತ್ತ ನಿಂತಿದ್ದಳು. ಮಾತು ಮುಂದೆ ಬೆಳೆಯುವ ಮೊದಲು ಸುದೀಪ ಮಿಂಜನ ವಿಷಯ ತೆಗೆದ. ಮನೆಯಲ್ಲಿ ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಕಾಲರಿನ ಕೆಳಗಿನ ಗುಂಡು, ಜಪಮಾಲೆ, ಗುನುಗಿದ ಹಾಡು, ಎಲ್ಲ ಹೇಳಿದ. ಗೋಮಿಬಾಯಿಯ ಸಿಟ್ಟು ಹೋಗಲಿಲ್ಲ. ಅದಕ್ಕೆ ಕೂರಲು ಜಾಗ ಇಲ್ಲದೆ ಬದಿಗೆ ಸರಿಯಿತು. ಮಣೆ ಎಳೆದುಕೊಂಡು ಕೂತಳು.

“ಅವಗ ಅವ್ವ ಅದಾಳೇನು?” ಎಂದು ಕೇಳಿದಳು.

ಇದ್ದಾಳೆ ಎಂದ ಸುದೀಪ. ಮಿಂಜ್ ಇವನ ಫೋನಿನಿಂದ ಎಷ್ಟೋ ಸಲ ಅವಳ ಜೊತೆ ಮಾತಾಡಿದ್ದ, ನಂಬರು ಇನ್ನೂ ಇದೆ. ತಾನು ಮಾತ್ರ ಒಂದು ಸಲವೂ ಮಾಡಿಲ್ಲ. ಬದುಕಿ ಬಂದವನು ಏನೆಂದು ಹೇಳುವುದು?

“ಏನೂ ಹೇಳಬ್ಯಾಡ. ಅವನ ಬಾಜೂಕ ನಿಂತಿದ್ದೆ ಅಂತ ಹೇಳು. ಆಕಿಗೆ ಅಷ್ಟ ಬೇಕಾಗಿರ್ತೈತಿ.” ಗೋಮಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಈಗಲೇ ಹಚ್ಚು ಅಂದಳು.

ಸುದೀಪ ಫೋನು ತೆಗೆದು ಅಂಗಳಕ್ಕೆ ಬಂದ. ತಾಂಡಾದಲ್ಲಿ ನೆಟ್‌ವರ್ಕ್ ಸಿಗುವುದು ಹುಣಸೆಮರದ ಕೆಳಗೆ ಮಾತ್ರ. ಅವನ ಹಿಂದೆ ತಾಯಿ, ತಾಯಿಯ ಹಿಂದೆ ಕಾಶಿರಾಮ, ಸ್ವಲ್ಪ ದೂರದಲ್ಲಿ ಕಾಸಿಂಸಾಬ ಮತ್ತು ಇನಾಸ. ಸ್ಪೀಕರ್ ಹಾಕು, ನಾನೂ ಮಾತಾಡುತ್ತೇನೆ ಎಂದಳು ಗೋಮಿಬಾಯಿ. ಯಾವ ಭಾಷೆಯಲ್ಲಿ ಎಂದು ಯಾರೂ ಕೇಳಲಿಲ್ಲ. ಸುದೀಪನ ಹೆಬ್ಬೆರಳು ಹೆಸರಿನ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು, ಆಮೇಲೆ ಒತ್ತಿತು. ರಿಂಗು ಹೋಗತೊಡಗಿತು. ಒಂದು. ಎರಡು. ಮೂರು. ಎಲ್ಲಿರಬಹುದು ಅವಳು, ಹೊಲದಲ್ಲೋ, ನೀರಿಗೆ ಹೋಗಿದ್ದಾಳೋ, ಫೋನು ಗೂಡಿನಲ್ಲಿಟ್ಟು ಮರೆತಿದ್ದಾಳೋ. ನಾಲ್ಕು. ಎತ್ತದೇ ಹೋದರೆ ಈ ಹುಡುಗ ಇನ್ನೊಮ್ಮೆ ಹಚ್ಚುವುದಿಲ್ಲ, ಅದು ಇನಾಸನಿಗೆ ಖಾತ್ರಿಯಿತ್ತು. ಎತ್ತಲಿ, ಅಂದುಕೊಂಡ. ಯಾರಾದರೂ ಎತ್ತಲಿ. ಓಡಿ ಬಾ ತಾಯಿ, ಒದ್ದೆ ಕೈಯಲ್ಲೇ ಎತ್ತು. ಹುಣಸೆಮರದ ಕೆಳಗೆ, ಕೋಳಿಸಾರಿನ ತೇಗಿನ ನಡುವೆ, ಕಣ್ಣು ತೆರೆದೇ, ಮೊಣಕಾಲೂರದೆ, ಇಡೀ ಮೈಯಿಂದ ಅದೊಂದನ್ನೇ ಹೇಳುತ್ತ ನಿಂತಿದ್ದ ಅವನಿಗೆ, ತಾನು ಏನು ಮಾಡುತ್ತಿದ್ದೇನೆಂಬ ಅರಿವೇ ಇರಲಿಲ್ಲ.

ಆರನೇ ರಿಂಗಿಗೆ ಆ ಕಡೆ ಏನೋ ಸರಿದ ಸದ್ದಾಯಿತು. ಏದುಸಿರಿನ ಒಂದು ಹೆಂಗಸಿನ ದನಿ, ಬಹಳ ದೂರದಿಂದ, “ಹಲೋ?” ಅಂದಿತು.